ಇಲಾಖಾ ವಿಚಾರಣೆ ದಾರಿ ತಪ್ಪಿದರೆ ಹೊಣೆ ಯಾರದು?

ತುಂಗೆಯದಡ:

ನೌಕರರ ಸಂಘದ ಕೆಲಸದಲ್ಲಿ ಇರುವುದರಿಂದ ದಂಡನೆಯ ಆದೇಶಗಳು ನನ್ನ ಕೈಗೆ ಬರುತ್ತಲೇ ಇರುತ್ತವೆ. ಓದಿ ಓದಿ ಒಂದು ವಾಕ್ಯ ಬಾಯಿಪಾಠವಾಗಿದೆ: "ಆಪಾದಿತ ನೌಕರರು ಸಲ್ಲಿಸಿದ ಸಮಜಾಯಿಷಿಯನ್ನು ಪರಿಶೀಲಿಸಲಾಗಿ, ಅದು ತೃಪ್ತಿಕರವಾಗಿಲ್ಲವೆಂದು ಕಂಡುಬಂದಿರುತ್ತದೆ." ನೌಕರ ಪುಟಗಟ್ಟಲೆ ಬರೆದಿರಲಿ, ನಾಲ್ಕೇ ಸಾಲು ಬರೆದಿರಲಿ, ಉತ್ತರ ಇಷ್ಟೇ. ಯಾವ ಅಂಶ ತೃಪ್ತಿಕರವಲ್ಲ, ಯಾಕಲ್ಲ, ಯಾವ ಸಾಕ್ಷಿಯ ಮಾತು ನಂಬಿದಿರಿ, ಯಾರದನ್ನು ಕೈಬಿಟ್ಟಿರಿ, ಒಂದೂ ಇಲ್ಲ. ಅದರ ಕೆಳಗೆ ನೇರ ಇನ್‌ಕ್ರಿಮೆಂಟ್ ತಡೆ, ಕಡ್ಡಾಯ ನಿವೃತ್ತಿ, ಇಲ್ಲವೇ ವಜಾ.

ಮೇಲ್ಮನವಿ, ಕೆಎಟಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ), ಹೈಕೋರ್ಟ್ ಅಂತ ಅಲೆದ ಮೇಲೆ ಕೆಲವು ಆದೇಶಗಳು ರದ್ದಾಗುತ್ತವೆ. ರದ್ದಾಗಿ ಏನಾಗುತ್ತದೆ? "ನಿಯಮಾನುಸಾರ ಮತ್ತೆ ವಿಚಾರಣೆ ನಡೆಸಿ" ಎಂದು ಅದೇ ಕಚೇರಿಗೆ ವಾಪಸ್. ಅಷ್ಟರಲ್ಲಿ ಆ ಮನುಷ್ಯನ ಕಿರಿಯರೆಲ್ಲ ಬಡ್ತಿ ಪಡೆದಿರುತ್ತಾರೆ, ನಿವೃತ್ತಿ ಹತ್ತಿರವಿದ್ದವರ ಪಿಂಚಣಿ ನಿಂತಿರುತ್ತದೆ. ನಿಯಮ ಬಿಟ್ಟು ವಿಚಾರಣೆ ನಡೆಸಿದವರ, ಕಾರಣ ಬರೆಯದೆ ಸಹಿ ಹಾಕಿದವರ ಸೇವಾ ಪುಸ್ತಕದಲ್ಲಿ ಮಾತ್ರ ಒಂದಕ್ಷರವೂ ಬೀಳುವುದಿಲ್ಲ.

ತಪ್ಪು ಮಾಡಿದ ನೌಕರನನ್ನು ಬಿಟ್ಟುಬಿಡಿ ಎಂದು ನಾನು ಕೇಳುತ್ತಿಲ್ಲ. ತೀರ್ಪು ಕೊಡುವ ಜಾಗದಲ್ಲಿ ಕೂತವರು ತಮ್ಮ ತೀರ್ಪಿಗೆ ಉತ್ತರ ಕೊಡುವ ವ್ಯವಸ್ಥೆ ನಮ್ಮಲ್ಲಿ ಎಲ್ಲಾದರೂ ಇದೆಯೇ? ಬಲ್ಲವರು ಬರೆಯಿರಿ.

ಕಾನೂನುಕಟ್ಟೆ:

ನಿಮ್ಮ ಮೊದಲ ದೂರಿಗೆ ಕಾನೂನಿನಲ್ಲಿ ಉತ್ತರ ಗಟ್ಟಿಯಾಗಿಯೇ ಇದೆ. ಸಂವಿಧಾನದ 311ನೇ ವಿಧಿ, ಕರ್ನಾಟಕದಲ್ಲಿ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 11ನೇ ನಿಯಮ, ಎರಡೂ ನೌಕರನಿಗೆ ಆರೋಪ ತಿಳಿಸಿ, ಹೇಳಿಕೊಳ್ಳಲು ಅವಕಾಶ ಕೊಡಿ ಎನ್ನುತ್ತವೆ. 1993ರಲ್ಲಿ ಇಸಿಐಎಲ್ ವಿರುದ್ಧ ಬಿ. ಕರುಣಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಿಸ್ತು ಪ್ರಾಧಿಕಾರ, ಅಂದರೆ ಶಿಕ್ಷೆ ಕೊಡುವ ಅಧಿಕಾರವಿರುವವರು, ಮನಸ್ಸು ಮಾಡುವ ಮೊದಲೇ ವಿಚಾರಣಾ ವರದಿಯ ಪ್ರತಿ ನೌಕರನ ಕೈಗೆ ಹೋಗಬೇಕು, ಅವನ ಆಕ್ಷೇಪ ಓದಬೇಕು. ಶಿಕ್ಷೆಯ ಆದೇಶದ ಜೊತೆ ವರದಿ ಲಗತ್ತಿಸಿ ಕಳಿಸಿದರೆ ಆಗಲಿಲ್ಲ.

ಕಾರಣ ಬರೆಯುವ ವಿಷಯಕ್ಕೆ 2010ರ ಎರಡು ತೀರ್ಪುಗಳನ್ನು ಓದಿ: ಕ್ರಾಂತಿ ಅಸೋಸಿಯೇಟ್ಸ್ ಮತ್ತು ಓರಿಕ್ಸ್ ಫಿಶರೀಸ್. ಒಬ್ಬನ ಹಕ್ಕಿಗೆ ಧಕ್ಕೆ ತರುವ ಆಡಳಿತಾತ್ಮಕ ತೀರ್ಮಾನಕ್ಕೂ ಕಾರಣ ಬೇಕು, ರಬ್ಬರ್ ಮೊಹರಿನಂಥ ಕಾರಣ ಕಾರಣವೇ ಅಲ್ಲ ಎಂದು ಮೊದಲನೆಯದು ಹೇಳುತ್ತದೆ. ನೋಟಿಸ್ ಕೊಡುವಾಗಲೇ ತೀರ್ಮಾನ ಆಗಿಹೋಗಿದ್ದರೆ ಆಮೇಲಿನ ವಿಚಾರಣೆಯೆಲ್ಲ ಬರೀ ಶಾಸ್ತ್ರ ಎಂಬುದು ಎರಡನೆಯದರ ಸಾರ.

ಎರಡನೇ ದೂರಿಗೆ, ಅಂದರೆ ತೀರ್ಪು ಕೊಟ್ಟವರ ಹೊಣೆಗೆ, ಕಾನೂನು ಬಹುಮಟ್ಟಿಗೆ ಮೌನ. ಕರುಣಾಕರ್ ತೀರ್ಪಿನಲ್ಲೇ ನೋಡಿ. ವರದಿ ಕೊಡದ್ದರಿಂದ ನೌಕರನಿಗೆ ನಿಜವಾಗಿ ತೊಂದರೆ ಆಯಿತೇ ಎಂದು ಕೋರ್ಟ್ ಮೊದಲು ನೋಡಬೇಕು. ಆಗಿದ್ದರೆ ಆದೇಶ ರದ್ದು, ನೌಕರ ಕಾಗದದ ಮೇಲೆ ಕೆಲಸಕ್ಕೆ ವಾಪಸ್. ಆದರೆ ಅವನನ್ನು ಅಮಾನತಿನಲ್ಲಿಟ್ಟು ವರದಿ ಕೊಡುವ ಹಂತದಿಂದ ಮತ್ತೆ ಮುಂದುವರಿಸಬಹುದು, ಹಿಂದಿನ ಸಂಬಳದ ಲೆಕ್ಕ ಕೊನೆಗೆ. ವರದಿ ಕೊಡದೇ ಇದ್ದ ಅಧಿಕಾರಿಗೆ ಏನು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಸವದತ್ತಿ_ರೂಟ್:

ನಾನು ಕಂಡಕ್ಟರ್ ಅದೀನ್ರಿ, ಯಾವ ನಿಗಮ ಅಂತ ಹೇಳಂಗಿಲ್ಲ. ಜಾತ್ರಿ ದಿನ ಬಸ್ಸಿನಾಗ ಕಾಲಿಡಾಕ ಜಾಗ ಇರೂದಿಲ್ಲ. ಮುಂದಿನಿಂದ ಟಿಕೇಟ್ ಕೊಡಕೊಂತ ಹಿಂದಿನ ಬಾಗಲಾ ಮುಟ್ಟೂದ್ರಾಗ ಚೆಕ್ಕಿಂಗ್‌ನವ್ರು ಹತ್ತತಾರ. ಟಿಕೇಟ್ ಇಲ್ದಾವ್ರು ನಾಕ ಮಂದಿ ಸಿಕ್ಕ್ರು ಅನ್ರಿ. ರೊಕ್ಕಾ ಇಸ್ಕೊಂಡು ಟಿಕೇಟ್ ಕೊಟ್ಟಿಲ್ಲ ಅನ್ನೂದು ಒಂದು ಆರೋಪ, ಇನ್ನೂ ರೊಕ್ಕಾನ ಇಸ್ಕೊಂಡಿಲ್ಲ ಅನ್ನೂದು ಇನ್ನೊಂದು. ಮೊದಲನೇದು ಕಳವು, ಎರಡನೇದು ಗದ್ದಲದಾಗ ಆದ ತಡ. ಈ ಎರಡರ ನಡುವ ನಮ್ಮ ನೌಕರಿ ನಿಂತಿರ್ತದ.

ಯಾವುದು ಖರೇ ಅಂತ ತಿಳೀಬೇಕಂದ್ರ ಅಲ್ಲೇ ಬ್ಯಾಗಿನಾಗಿನ ರೊಕ್ಕಾ ಎಣಿಸಿ ವೇಬಿಲ್ (ಟಿಕೇಟ್ ಲೆಕ್ಕದ ಹಾಳಿ) ಕೂಡ ತಾಳೆ ನೋಡಬೇಕು, ಆ ಪ್ರಯಾಣಿಕರ ಹೇಳಿಕಿ ಬರಕೋಬೇಕು. ಒಮ್ಮೊಮ್ಮೆ ಮಾಡ್ತಾರ, ಒಮ್ಮೊಮ್ಮೆ ಇಲ್ಲ. ಆಮ್ಯಾಲ ವಿಚಾರಣಾ ಅಂದ್ರ, ಮೆಮೊ ಕೊಟ್ಟಾವ್ರೇ ಸಾಕ್ಷಿ. ವಿಚಾರಣಾಧಿಕಾರಿನೂ ಅದೇ ನಿಗಮದಾವ್ರು. ಡಿಸಿ (ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿ) ಸಾಹೇಬ್ರ ಕೈಯಾಗ ಅವರ ವರ್ಗಾವಣಿ, ಅವರ ರಜಾ. ಅವ್ರು "ಆರೋಪ ಸಾಬೀತಾಗಿಲ್ಲ" ಅಂತ ಬರೀಬೇಕಂದ್ರ ಎಷ್ಟು ಧೈರ್ಯ ಬೇಕು ನೀವೇ ವಿಚಾರ ಮಾಡ್ರಿ.

ಕಾನೂನುಕಟ್ಟೆ:

ಸವದತ್ತಿ ಅಣ್ಣ, ನಿಮ್ಮ ಮಾತಿಗೆ ಎದುರಾಗಿ ಇರುವ ತೀರ್ಪುಗಳನ್ನೂ ಹೇಳಬೇಕು. 1977ರಲ್ಲಿ ಹರಿಯಾಣದ ಒಬ್ಬ ಕಂಡಕ್ಟರ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪೀಠ, ಪ್ರಯಾಣಿಕರನ್ನು ಹುಡುಕಿ ಕರೆತಂದು ಸಾಕ್ಷಿ ಹೇಳಿಸಲೇಬೇಕೆಂದಿಲ್ಲ, ನಂಬಲರ್ಹವಾದ ಒಂದಿಷ್ಟು ಸಾಕ್ಷ್ಯವಿದ್ದರೆ ಸಾಕು ಎಂದಿತು. ಕೆಎಸ್‌ಆರ್‌ಟಿಸಿಯ ಹುಳ್ಳಿಕಟ್ಟಿ ಪ್ರಕರಣದಲ್ಲಿ 2001ರಲ್ಲಿ, ಈಶಾನ್ಯ ಸಾರಿಗೆಯ ಒಂದು ಪ್ರಕರಣದಲ್ಲಿ 2006ರಲ್ಲಿ, ಕಂಡಕ್ಟರ್ ವಿಷಯದಲ್ಲಿ ಅನುಕಂಪ ತೋರಿಸಿ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುವುದು ಸಲ್ಲ, ಮೊತ್ತ ಚಿಕ್ಕದೋ ದೊಡ್ಡದೋ ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಆದ್ದರಿಂದಲೇ ಡಿಪೋದಲ್ಲಿ ನಡೆಯುವ ಆ ಮೊದಲ ವಿಚಾರಣೆಗೆ ಇಷ್ಟು ತೂಕ. ಮೇಲಿನ ಕೋರ್ಟುಗಳು ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವುದಿಲ್ಲ. ಅಲ್ಲಿ ಬರೆದದ್ದೇ ಬಹುತೇಕ ಕೊನೆಯ ಮಾತು.

ನಿವೃತ್ತ_ಗೆಜೆಟೆಡ್:

ನಾನು ಸೇವೆಯಲ್ಲಿದ್ದಾಗ ವಿಚಾರಣಾಧಿಕಾರಿಯಾಗಿ ಕೆಲಸ ಮಾಡಿದವನು. ಇಲ್ಲಿ ಎಲ್ಲರೂ ಒಂದೇ ಕಡೆಯಿಂದ ಮಾತಾಡುತ್ತಿದ್ದೀರಿ, ಹಾಗಾಗಿ ಇನ್ನೊಂದು ಕಡೆ ಹೇಳುತ್ತೇನೆ.

ವಿಚಾರಣಾಧಿಕಾರಿಗೆ ಅದೊಂದೇ ಕೆಲಸವಲ್ಲ. ತನ್ನ ಹುದ್ದೆಯ ಕೆಲಸ ಪೂರ್ತಿ ಮಾಡಿ, ಮಿಕ್ಕ ಹೊತ್ತಿನಲ್ಲಿ ಇದು. ತರಬೇತಿ ಹೆಸರಿಗೆ ಮಾತ್ರ. ಕಡತ ಬರುತ್ತದೆ, ಮೂಲ ದಾಖಲೆ ಬರುವುದಿಲ್ಲ. ಇಲಾಖೆಯ ಪರ ಆರೋಪ ಮಂಡಿಸಬೇಕಾದ ಮಂಡನಾಧಿಕಾರಿ ಮೂರು ಸಲ ಕರೆದರೆ ಒಮ್ಮೆ ಬರುತ್ತಾರೆ. ಆಪಾದಿತ ನೌಕರರು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪ್ರಮಾಣಪತ್ರ ಕಳಿಸುತ್ತಾರೆ. ಸಾಕ್ಷಿಗಳು ಅದೇ ಕಚೇರಿಯವರು, ಎದುರಿಗೆ ಬಂದಾಗ ಮಾತು ಬದಲಿಸುತ್ತಾರೆ. ಬಡವರ ಪಡಿತರ ಕಾಳಸಂತೆಗೆ ಸಾಗಿಸಿದವನು, ವಿದ್ಯಾರ್ಥಿವೇತನ ನುಂಗಿದವನು ಇಂಥ ಒಂದು ಸಣ್ಣ ಲೋಪ ಹಿಡಿದು ಕೋರ್ಟಿನಿಂದ ಗೆದ್ದು ಬಂದು, ಅದೇ ಕುರ್ಚಿಯಲ್ಲಿ ಕೂತು, ದೂರು ಕೊಟ್ಟವರನ್ನು ನೋಡುವ ನೋಟವನ್ನು ನಾನು ಕಂಡಿದ್ದೇನೆ. ಆ ದೂರುದಾರರಿಗೆ ನ್ಯಾಯ ಯಾರು ಕೊಡಬೇಕು?

ಹೊಣೆ ಎಂದು ಹೇಳಿ ವಿಚಾರಣಾಧಿಕಾರಿಯ ಕುತ್ತಿಗೆಗೆ ಕಟ್ಟಿದರೆ ನಾಳೆಯಿಂದ ಪ್ರತಿಯೊಬ್ಬರೂ "ಸಾಬೀತಾಗಿಲ್ಲ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆಗ ಸಂಘದವರು ಸಂತೋಷಪಡಬಹುದು, ಸಾರ್ವಜನಿಕರಲ್ಲ.

ಉರ್ಗಾಂ_ಮಗ:

ನಿವೃತ್ತ ಸಾಹೇಬರೇ, ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ "ಸಣ್ಣ ಲೋಪ" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆಂದು ಹೇಳಲು ನಮ್ಮ ಕೆಜಿಎಫ್‌ನ ಕೇಸನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸೇವಾ ಕಾನೂನು ಓದುವವರೆಲ್ಲ ಇದನ್ನು ಉದಾಹರಿಸುತ್ತಾರೆ, ನಡೆದದ್ದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಕ್ಯಾಪ್ಟನ್ ಎಂ. ಪಾಲ್ ಆಂಥೋನಿ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿಯಾಗಿದ್ದರು. 1985ರ ಜೂನ್‌ನಲ್ಲಿ ಪೊಲೀಸರು ಅವರ ಮನೆ ಶೋಧಿಸಿ 4.5 ಗ್ರಾಂ ತೂಕದ ಸ್ಪಾಂಜ್ ಚಿನ್ನದ ಉಂಡೆ, 1276 ಗ್ರಾಂ ಚಿನ್ನದ ಅಂಶವಿದ್ದ ಮರಳು ಸಿಕ್ಕಿತು ಎಂದರು. ಅಮಾನತಾಯಿತು. ಅದೇ ಘಟನೆಗೆ ಒಂದು ಕಡೆ ಕ್ರಿಮಿನಲ್ ಕೇಸು, ಇನ್ನೊಂದು ಕಡೆ ಇಲಾಖಾ ವಿಚಾರಣೆ. ಕ್ರಿಮಿನಲ್ ಕೇಸು ಮುಗಿಯುವವರೆಗೆ ಇಲಾಖಾ ವಿಚಾರಣೆ ತಡೆಯಿರಿ ಎಂದು ಅವರು ಕೇಳಿದರು, ಒಪ್ಪಲಿಲ್ಲ.

ಅಮಾನತಿನಲ್ಲಿದ್ದವರಿಗೆ ಕೊಡಲೇಬೇಕಾದ ಜೀವನಾಧಾರ ಭತ್ಯೆಯನ್ನೇ ಅವರಿಗೆ ಕೊಡಲಿಲ್ಲ. ಅವರು ಕೇರಳದ ತಮ್ಮ ಊರಿನಲ್ಲಿದ್ದರು. ಅಲ್ಲಿಂದ ಕೋಲಾರಕ್ಕೆ ಬಂದು, ಉಳಿದು, ವಿಚಾರಣೆಗೆ ಹಾಜರಾಗಲು ದುಡ್ಡಿರಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ನಡೆದು 1986ರ ಜೂನ್‌ನಲ್ಲಿ ವಜಾ. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು, ಶೋಧ ನಡೆದು ಮಾಲು ಸಿಕ್ಕಿತೆಂಬುದೇ ಸಾಬೀತಾಗಿಲ್ಲ ಎಂದು. ಎರಡೂ ಕಡೆ ಸಾಕ್ಷಿಗಳು ಅವರೇ, ಶೋಧಕ್ಕೆ ಹೋದ ಪೊಲೀಸರು ಮತ್ತು ಪಂಚರು. ಆಡಳಿತದವರು ಮನಸ್ಸು ಬದಲಿಸಲಿಲ್ಲ. ಹೈಕೋರ್ಟಿನಲ್ಲಿ ಏಕಸದಸ್ಯ ಪೀಠ ಅವರ ಪರ, ವಿಭಾಗೀಯ ಪೀಠ ಅವರ ವಿರುದ್ಧ. 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಭತ್ಯೆ ಕೊಡದೆ ಹಸಿವಿಗೆ ದೂಡಿ ವಿಚಾರಣೆಗೆ ಬಾ ಅನ್ನುವುದು ಬದುಕುವ ಹಕ್ಕಿಗೇ ವಿರುದ್ಧ ಎಂದು ಹೇಳಿ, ಅವರನ್ನು ಕೆಲಸಕ್ಕೆ ತೆಗೆದುಕೊಂಡು ಅಮಾನತಾದ ದಿನದಿಂದ ಪೂರ್ತಿ ಸಂಬಳ ಕೊಡಬೇಕೆಂದಿತು. ಜೊತೆಗೆ ಖರ್ಚು 15,000 ರೂಪಾಯಿ.

1985ರಿಂದ 1999. ಗಣಿಯೇ 2001ರಲ್ಲಿ ಮುಚ್ಚಿಹೋಯಿತು. ಹದಿನಾಲ್ಕು ವರ್ಷದ ಸಂಬಳ ಸರ್ಕಾರಿ ಕಂಪನಿಯ ಖಜಾನೆಯಿಂದ ಹೋಗಬೇಕಾಯಿತು, ಅಂದರೆ ನಮ್ಮೆಲ್ಲರ ದುಡ್ಡಿನಿಂದ. ಭತ್ಯೆಯ ಕಡತದ ಮೇಲೆ ಕೂತಿದ್ದ ಅಧಿಕಾರಿ ಯಾರು? ತೀರ್ಪಿನಲ್ಲಿ ಅವರ ಹೆಸರಿಲ್ಲ. ಹೆಸರು ಹೇಳುವ ಅಗತ್ಯವೇ ವ್ಯವಸ್ಥೆಗೆ ಕಾಣಲಿಲ್ಲ. ತುಂಗೆಯದಡ ಅವರು ಕೇಳುತ್ತಿರುವುದು ಇದನ್ನೇ ಅಲ್ಲವೇ?

ಮಣಿಪಾಲ_ಕ್ಯಾಷಿಯರ್:

ಬ್ಯಾಂಕಿನವರದ್ದೂ ಒಂದು ಸೇರಿಸುತ್ತೇನೆ. ವಿಚಾರಣೆ ಮಾಡಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು, ನಿಜವಾಗಿ ತೀರ್ಮಾನಿಸಿದವರು ಮೂರನೆಯವರು ಆಗಿದ್ದರೆ ಏನು ಮಾಡುವುದು? ಸಿಂಡಿಕೇಟ್ ಬ್ಯಾಂಕಿನ ಮ್ಯಾನೇಜರ್ ನಾಗರಾಜ ಶಿವರಾವ ಕರ್ಜಗಿ ಅವರಿಗೆ ಕಡ್ಡಾಯ ನಿವೃತ್ತಿ ವಿಧಿಸಿದ್ದು ಬ್ಯಾಂಕು, ಆದರೆ ಶಿಕ್ಷೆ ಎಷ್ಟಿರಬೇಕೆಂದು ಹೇಳಿದ್ದು ಕೇಂದ್ರ ಜಾಗೃತ ಆಯೋಗ. ಆಯೋಗದ ಸಲಹೆಯನ್ನು ಬ್ಯಾಂಕುಗಳು ಪಾಲಿಸಲೇಬೇಕು ಎಂದು ಹಣಕಾಸು ಸಚಿವಾಲಯ 1984ರಲ್ಲಿ ಸುತ್ತೋಲೆ ಕಳಿಸಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನೇ ರದ್ದು ಮಾಡಿತು. ಶಿಸ್ತು ಪ್ರಾಧಿಕಾರ ತನ್ನ ವಿವೇಚನೆಯನ್ನು ಹೊರಗಿನವರಿಗೆ ಒಪ್ಪಿಸುವಂತಿಲ್ಲ ಎಂಬುದು ತೀರ್ಪು.

ಇನ್ನೊಂದು, 1998ರ ಕುಂಜ್ ಬಿಹಾರಿ ಮಿಶ್ರಾ ಪ್ರಕರಣ. ವಿಚಾರಣಾಧಿಕಾರಿ "ಸಾಬೀತಾಗಿಲ್ಲ" ಎಂದು ಬರೆದರೂ ಮೇಲಿನವರು ಒಪ್ಪದೆ ಶಿಕ್ಷೆ ಕೊಡುವುದುಂಟು. ಯಾಕೆ ಒಪ್ಪುತ್ತಿಲ್ಲ ಎಂಬ ಕಾರಣವನ್ನು ಮೊದಲು ನೌಕರನಿಗೆ ತಿಳಿಸಿ ಅವನ ಮಾತು ಕೇಳಲೇಬೇಕು ಎಂದಿದೆ ಆ ತೀರ್ಪು. ಈಗಲೂ ಇದು ಪಾಲನೆಯಾಗದ ಆದೇಶಗಳನ್ನು ಸಹೋದ್ಯೋಗಿಗಳು ತಂದು ತೋರಿಸುತ್ತಾರೆ.

ಸುಮಾ_ಹೊಸಪೇಟೆ:

ನಿವೃತ್ತ ಸರ್ ದೂರುದಾರರ ಬಗ್ಗೆ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರ ಪ್ರಕಾರ ರಚಿಸಿದ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುತ್ತೇನೆ. ದೂರು ಕೊಟ್ಟ ಹೆಣ್ಣುಮಕ್ಕಳ ಪರ ಇರುವವಳು ನಾನು, ಅದನ್ನು ಮುಚ್ಚಿಡುವುದಿಲ್ಲ. ಹಾಗಿದ್ದೂ, ಅಲ್ಲ, ಹಾಗಿರುವುದರಿಂದಲೇ ಹೇಳುತ್ತೇನೆ, ತರಾತುರಿಯ ವಿಚಾರಣೆ ದೂರುದಾರರಿಗೇ ಮಾಡುವ ಅನ್ಯಾಯ.

ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. 2009ರಲ್ಲಿ ವಿದ್ಯಾರ್ಥಿನಿಯರು ವಿಭಾಗದ ಮುಖ್ಯಸ್ಥರ ಮೇಲೆ ದೂರು ಕೊಟ್ಟರು. ಸಮಿತಿ ಸಭೆಯ ಮೇಲೆ ಸಭೆ ನಡೆಸಿ ಕೆಲವೇ ವಾರಗಳಲ್ಲಿ ಮುಗಿಸಿತು. ಅವರು ವಜಾ ಆದರು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅವರಿಗೆ ತಮ್ಮ ಮಾತು ಹೇಳಲು ಸರಿಯಾದ ಅವಕಾಶ ಸಿಗಲಿಲ್ಲ ಎಂದು ಆದೇಶ ರದ್ದುಮಾಡಿ, 2009ರ ಹಂತದಿಂದ ವಿಚಾರಣೆ ಮುಂದುವರಿಸಲು ವಾಪಸ್ ಕಳಿಸಿತು. ಆ ವಿದ್ಯಾರ್ಥಿನಿಯರ ಕಡೆಯಿಂದ ಯೋಚಿಸಿ. ಓದು ಮುಗಿಸಿ, ಕೆಲಸ ಹಿಡಿದು, ಬೇರೆಲ್ಲೋ ಬದುಕು ಕಟ್ಟಿಕೊಂಡ ಮೇಲೆ ಮತ್ತೆ ಕರೆ, ಬಂದು ಸಾಕ್ಷಿ ಹೇಳಿ ಎಂದು. ಸಮಿತಿಯವರ ಉದ್ದೇಶ ಒಳ್ಳೆಯದೇ ಇರಬಹುದು. ಇನ್ನೆರಡು ವಾರ ಹೆಚ್ಚು ಸಮಯ ಕೊಟ್ಟಿದ್ದರೆ ಆ ತೀರ್ಮಾನ ಕೋರ್ಟಿನಲ್ಲಿ ನಿಲ್ಲುತ್ತಿತ್ತೇನೋ.

ಈಗಿನ ಕಾಯ್ದೆಯಲ್ಲಿ ವಿಚಾರಣೆಗೆ 90 ದಿನ, ವರದಿಗೆ 10 ದಿನ, ಅದರ ಮೇಲೆ ಕ್ರಮಕ್ಕೆ 60 ದಿನ ಎಂಬ ಗಡುವಿದೆ. ಇಬ್ಬರಿಗೂ ವರದಿ ಕೊಡಬೇಕು. ಏಕಪಕ್ಷೀಯವಾಗಿ ಮುಂದುವರಿಯುವ ಮೊದಲು 15 ದಿನದ ಲಿಖಿತ ನೋಟಿಸ್ ಕೊಡಬೇಕು. ಇದೆಲ್ಲ ಆಪಾದಿತನಿಗೆ ಮಾಡಿದ ಉಪಕಾರ ಎಂದು ಸಮಿತಿಯಲ್ಲಿ ಕೆಲವರು ಭಾವಿಸುತ್ತಾರೆ. ನಾನು ಪ್ರತಿ ಬಾರಿ ಹೇಳುವುದು ಒಂದೇ, ಇದು ದೂರುದಾರಳ ತೀರ್ಪಿಗೆ ಹಾಕುವ ತಳಪಾಯ.

ನಿವೃತ್ತ_ಗೆಜೆಟೆಡ್:

ಸುಮಾ ಮೇಡಂ, ನಿಮ್ಮ ಮಾತು ನನ್ನ ಮಾತನ್ನು ತಿದ್ದಿತು ಎನ್ನುವುದಕ್ಕಿಂತ ಪೂರ್ತಿ ಮಾಡಿತು. ಆದರೂ ತಡ ಎಂಬುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಪ್ರೇಮ್ ನಾಥ್ ಬಾಲಿ ಪ್ರಕರಣದಲ್ಲಿ ನೌಕರ ಒಂಬತ್ತು ವರ್ಷಕ್ಕೂ ಹೆಚ್ಚು ಅಮಾನತಿನಲ್ಲಿದ್ದರು. ಇಲಾಖಾ ವಿಚಾರಣೆಯನ್ನು 6 ತಿಂಗಳಲ್ಲಿ, ಹೆಚ್ಚೆಂದರೆ ಒಂದು ವರ್ಷದಲ್ಲಿ ಮುಗಿಸಿ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಆಗಲೇ. ಅದಕ್ಕೆ ತಕ್ಕ ಸಿಬ್ಬಂದಿ ಎಲ್ಲಿದ್ದಾರೆ? ನಮ್ಮ ರಾಜ್ಯದಲ್ಲಿ ಸಿಸಿಎ 14-ಎ ನಿಯಮದಡಿ ಲೋಕಾಯುಕ್ತಕ್ಕೆ ವಹಿಸಿದ ವಿಚಾರಣೆಗಳನ್ನು ನ್ಯಾಯಾಂಗದಿಂದ ಬಂದ ಅಧಿಕಾರಿಗಳು ನಡೆಸುತ್ತಾರೆ. ಸಾಕ್ಷ್ಯವನ್ನು ಹೇಗೆ ದಾಖಲಿಸಬೇಕೆಂದು ಅವರಿಗೆ ಗೊತ್ತು, ಆಪಾದಿತನ ಮೇಲಧಿಕಾರಿಯ ಹಂಗೂ ಅವರಿಗಿಲ್ಲ. ಎಲ್ಲ ದೊಡ್ಡ ದಂಡನೆಯ ಪ್ರಕರಣಗಳಿಗೂ ಅಂಥ ಪ್ರತ್ಯೇಕ ವಿಚಾರಣಾಧಿಕಾರಿಗಳ ತಂಡ ಬೇಕು ಎಂಬುದು ನನ್ನ ಬಹುಕಾಲದ ವಾದ.

ತುಂಗೆಯದಡ:

ಎಲ್ಲರಿಗೂ ವಂದನೆ. ಉರ್ಗಾಂ_ಮಗ ಅವರು ನನ್ನ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಕೇಳಿದರು.

ನಿವೃತ್ತ ಸಾಹೇಬರ ಆತಂಕಕ್ಕೆ ಉತ್ತರ ಹೇಳಲೇಬೇಕು. ವಿಚಾರಣಾಧಿಕಾರಿಯಿಂದ ದುಡ್ಡು ವಸೂಲಿ ಮಾಡಿ ಎಂದು ನಾನು ಕೇಳುವುದಿಲ್ಲ. ಹಾಗೆ ಮಾಡಿದರೆ ನೀವು ಹೇಳಿದಂತೆಯೇ ಆಗುತ್ತದೆ, ಹೆದರಿದವನು ನ್ಯಾಯ ಹೇಳಲಾರ. ತೀರ್ಮಾನ ತಪ್ಪಾದದ್ದಕ್ಕೆ ಯಾರನ್ನೂ ದಂಡಿಸಬಾರದು. ಸಾಕ್ಷ್ಯ ತೂಗುವಾಗ ಪ್ರಾಮಾಣಿಕವಾಗಿ ಭಿನ್ನಾಭಿಪ್ರಾಯ ಬರುತ್ತದೆ. ಆದರೆ ದಾಖಲೆಯ ಪ್ರತಿ ಕೊಡದಿರುವುದು, ಭತ್ಯೆ ತಡೆಹಿಡಿಯುವುದು, ಪಾಟಿ ಸವಾಲಿಗೆ ಬಿಡದಿರುವುದು, ಆಕ್ಷೇಪಣೆಗೆ ಒಂದು ಸಾಲಿನ ಉತ್ತರ ಬರೆಯುವುದು, ಇವು ಅಭಿಪ್ರಾಯದ ಮಾತಲ್ಲ. ಮಾಡಬೇಕಾದ ಕೆಲಸ ಮಾಡದೇ ಇದ್ದದ್ದು. ಒಬ್ಬ ಗುಮಾಸ್ತ ಕಡತ ತಡಮಾಡಿದರೆ ಮೆಮೊ ಕೊಡುತ್ತೀರಿ, ಒಬ್ಬನ ಜೀವನವನ್ನೇ ಹಿಡಿದಿರುವ ಕಡತದಲ್ಲಿ ನಿಯಮ ಬಿಟ್ಟವರಿಗೆ ಏನೂ ಇಲ್ಲ ಎಂದರೆ ಶಿಸ್ತು ಎಂಬುದು ಕೆಳಗಿನವರಿಗೆ ಮಾತ್ರ ಎಂದಾಯಿತು. 2010ರಲ್ಲಿ ಸರೋಜ್ ಕುಮಾರ್ ಸಿನ್ಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣಾಧಿಕಾರಿ ಇಲಾಖೆಯ ಪ್ರತಿನಿಧಿಯಲ್ಲ, ಸ್ವತಂತ್ರ ನಿರ್ಣಾಯಕ ಎಂದು ಬರೆಯಿತು. ಆ ಸ್ಥಾನದ ಗೌರವ ಬೇಕೆಂದರೆ ಅದರ ಜವಾಬ್ದಾರಿಯೂ ಬರಬೇಕು.

ನಮ್ಮ ಸಂಘದ ಮುಂದಿನ ಕಾರ್ಯಕಾರಿ ಸಭೆಗೆ ನಾನು ಇಡಲಿರುವುದು ಎರಡು ಬೇಡಿಕೆ. ದಂಡನೆಯ ಆದೇಶದಲ್ಲಿ ನೌಕರನ ಪ್ರತಿಯೊಂದು ಆಕ್ಷೇಪದ ಎದುರಿಗೂ ಪ್ರಾಧಿಕಾರದ ಉತ್ತರ ಬರೆಯಲೇಬೇಕು, ಖಾಲಿ ಬಿಟ್ಟರೆ ಆದೇಶ ಹೊರಡಬಾರದು. ಮತ್ತೆ, ಕಾರ್ಯವಿಧಾನದ ಲೋಪದಿಂದ ಮೇಲ್ಮನವಿಯಲ್ಲೋ ಕೋರ್ಟಿನಲ್ಲೋ ಆದೇಶ ರದ್ದಾದರೆ, ಆ ತೀರ್ಪಿನ ಪ್ರತಿ ವಿಚಾರಣೆ ನಡೆಸಿದವರ ಮತ್ತು ಸಹಿ ಮಾಡಿದವರ ವೈಯಕ್ತಿಕ ಕಡತಕ್ಕೆ ಸೇರಬೇಕು. ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವವರು ಅದನ್ನು ನೋಡಲಿ.

ಸವದತ್ತಿ_ರೂಟ್:

ಎರಡನೇದು ಭಾಳ ಚಲೋ ಐತ್ರಿ. ನನ್ನ ಗೆಳ್ಯಾಗ ಮೊನ್ನೆ ವಿಚಾರಣಾ ವರದಿ ಬಂದೈತಿ, ಜೋಡಿ ಎರಡನೇ ಕಾರಣ ಕೇಳಿ ನೋಟಿಸು. ಏನ್ ಬರೀಬೇಕು ಅಂತ ತಿಳೀದ ಕುಂತಾನ. ವಕೀಲರ ಕಡೆ ಹೋಗಾಕ ಈಗ ರೊಕ್ಕಾ ಇಲ್ಲ. ಯಾರಾರ ಹೇಳ್ರಿ.

ಕಾನೂನುಕಟ್ಟೆ:

ನೋಟಿಸಿನಲ್ಲಿ ಕೊಟ್ಟ ಗಡುವು ಮೀರಬಾರದು, ಅದು ಮೊದಲು. ಸಮಯ ಸಾಲದಿದ್ದರೆ ಗಡುವಿನೊಳಗೇ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಲಿ. ಉತ್ತರದಲ್ಲಿ "ನಾನು ನಿರಪರಾಧಿ, ಕುಟುಂಬ ದೊಡ್ಡದು, ಕ್ಷಮಿಸಿ" ಎಂದು ಬರೆಯುವವರೇ ಹೆಚ್ಚು. ಕ್ಷಮಿಸಿ ಎಂದರೆ ಒಪ್ಪಿಕೊಂಡಂತೆ ಓದುತ್ತಾರೆ. ಅದರ ಬದಲು ವರದಿಯನ್ನು ಮುಂದಿಟ್ಟುಕೊಂಡು, ಯಾವ ಪುಟದಲ್ಲಿ ಯಾವ ಸಾಕ್ಷಿ ಏನು ಹೇಳಿದ್ದಾರೆ, ವರದಿ ಅದನ್ನು ಹೇಗೆ ಬಿಟ್ಟಿದೆ ಎಂದು ಅಂಶ ಅಂಶವಾಗಿ ಸಂಖ್ಯೆ ಹಾಕಿ ಬರೆಯಲಿ. ಬ್ಯಾಗಿನ ನಗದು ಎಣಿಸಿದ್ದರೇ, ವೇಬಿಲ್ ಹಾಜರುಪಡಿಸಿದ್ದರೇ, ಕೇಳಿದ ದಾಖಲೆ ಕೊಡಲಿಲ್ಲವೇ, ಎಲ್ಲ ಬರಲಿ. ಹಿಂದಿನ ಶಿಕ್ಷೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ಅದನ್ನು ನೋಟಿಸಿನಲ್ಲಿ ಹೇಳಿದ್ದಾರೆಯೇ ನೋಡಲಿ. ಭತ್ಯೆ ಬಾಕಿ ಇದ್ದರೆ ಅದನ್ನೂ ಸೇರಿಸಲಿ. ಕೈಗಾರಿಕಾ ಸಂಬಂಧಗಳ ಸಂಹಿತೆಯ 38ನೇ ಕಲಮಿನ (2025ರ ನವೆಂಬರ್‌ಗೆ ಮೊದಲು ಸ್ಥಾಯಿ ಆದೇಶಗಳ ಕಾಯ್ದೆಯ 10-ಎ) ಲೆಕ್ಕದಲ್ಲಿ ಅಮಾನತಿನ ಮೊದಲ 90 ದಿನಕ್ಕೆ ಅರ್ಧ ಸಂಬಳ, ಆಮೇಲೆ ತಡಕ್ಕೆ ನೌಕರನೇ ಕಾರಣನಲ್ಲದಿದ್ದರೆ ಮುಕ್ಕಾಲು. ಅವರ ನಿಗಮದ ಸ್ವಂತ ನಿಯಮಾವಳಿ ಏನು ಹೇಳುತ್ತದೆ ಎಂದೂ ನೋಡಿಕೊಳ್ಳಲಿ.

ಹಣ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ. ಕೋರ್ಟಿನ ಆವರಣದಲ್ಲೇ ಇರುತ್ತದೆ.

ನಿವೃತ್ತ_ಗೆಜೆಟೆಡ್:

ಸವದತ್ತಿಯವರೇ, ನಿಮ್ಮ ಗೆಳೆಯರು ಒಪ್ಪಿದರೆ ಹೆಸರು, ಬಿಲ್ಲೆ ಸಂಖ್ಯೆ ಅಳಿಸಿ ವರದಿಯ ಪ್ರತಿ ನನಗೆ ಕಳಿಸಿ. ವರದಿ ಬರೆದು ಅಭ್ಯಾಸವಿರುವುದರಿಂದ ಎಲ್ಲಿ ಸಡಿಲವಿದೆ ಎಂದು ನೋಡಿ ಹೇಳಬಲ್ಲೆ. ಆರೋಪ ನಿಜವೆಂದು ಕಂಡರೆ ಅದನ್ನೂ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು.

ತುಂಗೆಯದಡ ಅವರೇ, ನಿಮ್ಮ ಎರಡನೇ ಬೇಡಿಕೆಯಲ್ಲಿ ಮಂಡನಾಧಿಕಾರಿಯನ್ನೂ ಸೇರಿಸಿ. ದಾಖಲೆ ತರದೇ ಇರುವುದು ಬಹಳ ಸಲ ಅವರೇ.

ತುಂಗೆಯದಡ:

ಸೇರಿಸಿದೆ ಸರ್. ಕರಡು ಸಿದ್ಧವಾದ ಮೇಲೆ ಇಲ್ಲೇ ಹಾಕುತ್ತೇನೆ, ಸಭೆಗೆ ಹೋಗುವ ಮೊದಲು ಒಮ್ಮೆ ನೋಡಿಕೊಡಿ.